ನೀರು ಎಷ್ಟಿದೆ, ನೀರು ಎಷ್ಟು ಏರಿತು: ವ್ಯತ್ಯಾಸಗಳ ಗಣಿತ

ಮಳೆಗಾಲ ಬಂತೆಂದರೆ ಮುಂಬಯಿಯ ಪತ್ರಿಕೆಗಳು ಮಳೆಯ ಸುದ್ದಿಯ ಜೊತೆಗೆ ಸಮುದ್ರದ ಉಬ್ಬರದ ವೇಳೆಯನ್ನೂ ಎತ್ತರವನ್ನೂ ಅಚ್ಚುಹಾಕುತ್ತವೆ. ಉಬ್ಬರ ನಾಲ್ಕೂವರೆ ಮೀಟರು ಮುಟ್ಟುವ ಹೊತ್ತಿಗೇ ದೊಡ್ಡ ಮಳೆಯೂ ಸುರಿದರೆ ಚರಂಡಿಗಳ ನೀರಿಗೆ ಸಮುದ್ರದ ದಾರಿ ಮುಚ್ಚಿಹೋಗುತ್ತದೆ. ಆಗ ಪರೇಲಿನ ಹಿಂದ್‌ಮಾತಾ, ಸಾಯನ್, ಕುರ್ಲಾದ ತಗ್ಗುಗಳಲ್ಲಿ ಮೊಣಕಾಲುದ್ದ ನೀರು. ಅಂಥದೊಂದು ಜುಲೈ ದಿನ ಕಾಲೇಜಿಗೆ ರಜೆ ಸಿಕ್ಕಿ, ಡೊಂಬಿವಲಿಯ ನಮ್ಮ ಮನೆಯಲ್ಲೇ ಉಳಿದುಕೊಂಡಿದ್ದ ತಂಗಿಯ ಮಗಳು ಪತ್ರಿಕೆಯ ಆ ಸಾಲನ್ನು ಓದಿ ಕೇಳಿದಳು: “ಮಾವ, ಹನ್ನೆರಡು ಗಂಟೆಗೆ ಉಬ್ಬರ ಎಂದರೆ ನೀರು ಎಲ್ಲಕ್ಕಿಂತ ಜೋರಾಗಿ ಏರುವುದು ಆಗಲೇ ತಾನೇ?”

“ಇಲ್ಲ, ಹನ್ನೆರಡಕ್ಕೆ ನೀರು ನಿಂತಿರುತ್ತದೆ. ಜೋರಾಗಿ ಏರುವುದು ಒಂಬತ್ತರ ಸುಮಾರಿಗೆ,” ಎಂದೆ.

ಅವಳು ನಂಬಲಿಲ್ಲ. ಹನ್ನೊಂದನೆಯ ತರಗತಿಯಲ್ಲಿ ವಿಜ್ಞಾನ ಓದುವ ಹುಡುಗಿ, ಅವಕಲನದ (ಡಿಫರೆನ್ಶಿಯೇಶನ್) ಸೂತ್ರಗಳೆಲ್ಲ ಬಾಯಿಪಾಠ. ಆದರೆ ‘ಎಷ್ಟಿದೆ’ ಎಂಬ ಪ್ರಶ್ನೆಯೂ ‘ಎಷ್ಟು ಬದಲಾಗುತ್ತಿದೆ’ ಎಂಬ ಪ್ರಶ್ನೆಯೂ ಬೇರೆ ಬೇರೆ ಎಂಬುದು ಮನಸ್ಸಿಗೆ ಇಳಿದಿರಲಿಲ್ಲ. ಇದು ಅವಳೊಬ್ಬಳ ತೊಡಕಲ್ಲ. ಭಾನುವಾರಗಳಲ್ಲಿ ನಮ್ಮ ಕಡೆಯ ಮಕ್ಕಳಿಗೆ ಗಣಿತ, ಭೌತವಿಜ್ಞಾನ ಹೇಳಿಕೊಡಲು ತೊಡಗಿ ಹಲವು ವರ್ಷಗಳಾದವು. ವೇಗ, ವೇಗೋತ್ಕರ್ಷ, ಸರಾಸರಿ, ಹಣದುಬ್ಬರ ಎಂದು ಮಕ್ಕಳು ಎಡವುವ ಜಾಗ ಬೇರೆಬೇರೆಯಾಗಿ ಕಂಡರೂ ಎಡವಿಸುವ ಕಲ್ಲು ಹೆಚ್ಚಿನ ಸಲ ಒಂದೇ. ಅದನ್ನು ಎತ್ತಿಡಲು ಬೇಕಾದದ್ದು ಬರಿಯ ಕಳೆಯುವ ಲೆಕ್ಕ. ಆ ಕಳೆಯುವ ಲೆಕ್ಕಕ್ಕೇ ಗಣಿತದಲ್ಲಿ ಪರಿಮಿತ ವ್ಯತ್ಯಾಸಗಳ ಕಲನ ಎಂದು ಹೆಸರು.

ಮೂರು ಸಾಲು, ಮೂರು ಪ್ರಶ್ನೆ

ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ ಹಿಡಿಯುತ್ತದೆ. ಈ ಆರು ಗಂಟೆಗಳಲ್ಲಿ ನೀರು ಹೇಗೆ ಏರುತ್ತದೆ ಎಂಬುದಕ್ಕೆ ನಾವಿಕರಲ್ಲಿ ಹಳೆಯದೊಂದು ಲೆಕ್ಕವಿದೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲೂ ಮೂರು, ಮತ್ತೆ ಎರಡು, ಕೊನೆಗೆ ಒಂದು. ಇದು ಅಂದಾಜಿನ ಲೆಕ್ಕ, ಆದರೆ ಒಳ್ಳೆಯ ಅಂದಾಜು. ಬೆಳಿಗ್ಗೆ ಆರಕ್ಕೆ ನೀರಿನ ಮಟ್ಟ 0.9 ಮೀಟರು, ಹನ್ನೆರಡಕ್ಕೆ 4.5 ಮೀಟರು ಎಂದಿಟ್ಟುಕೊಳ್ಳೋಣ. ಗಂಟೆಗೊಮ್ಮೆ ಅಳೆದರೆ:

ಮಟ್ಟ: 0.9, 1.2, 1.8, 2.7, 3.6, 4.2, 4.5

ಪ್ರತಿ ಸಂಖ್ಯೆಯಿಂದ ಅದರ ಹಿಂದಿನದನ್ನು ಕಳೆಯಿರಿ:

ಏರಿಕೆ: 0.3, 0.6, 0.9, 0.9, 0.6, 0.3

ಈ ಸಾಲಿನ ಮೇಲೂ ಅದೇ ಕೆಲಸ ಮಾಡಿ:

ಏರಿಕೆಯ ಬದಲಾವಣೆ: 0.3, 0.3, 0, −0.3, −0.3

ಎರಡನೆಯ ಸಾಲು ಮೊದಲ ವ್ಯತ್ಯಾಸ, ಮೂರನೆಯದು ಎರಡನೆಯ ವ್ಯತ್ಯಾಸ. ಹನ್ನೊಂದರಿಂದ ಹನ್ನೆರಡರ ನಡುವಿನ ಗಂಟೆಯನ್ನು ನೋಡಿ. ಮಟ್ಟ ದಿನದಲ್ಲೇ ಅತಿ ಹೆಚ್ಚು. ಏರಿಕೆ ಅತಿ ಕಡಿಮೆ, ಆದರೂ ಏರಿಕೆಯೇ. ಏರಿಕೆಯ ಬದಲಾವಣೆ ಇಳಿಮುಖ. ಮೂರೂ ಏಕಕಾಲಕ್ಕೆ ನಿಜ, ಒಂದರೊಡನೊಂದಕ್ಕೆ ಜಗಳವಿಲ್ಲ. ಹುಡುಗಿ ಪೆನ್ಸಿಲು ಹಿಡಿದು ಮೂರನೆಯ ಸಾಲು ಬರೆದು ಮುಗಿಸುವ ಹೊತ್ತಿಗೆ ಅವಳ ಪ್ರಶ್ನೆ ತಾನಾಗಿಯೇ ಬಗೆಹರಿದಿತ್ತು.

ಇದೇ ಮೂರು ಸಾಲುಗಳನ್ನು ಹೋಟೆಲಿನ ಮಸಾಲೆ ದೋಸೆಯ ಬೆಲೆಗೂ ಬರೆಯಬಹುದು. ನಾಲ್ಕು ವರ್ಷಗಳ ಬೆಲೆ 80, 92, 100, 104 ರೂಪಾಯಿ ಎಂದುಕೊಳ್ಳಿ. ಏರಿಕೆ 12, 8, 4. ಏರಿಕೆಯ ಬದಲಾವಣೆ −4, −4. ‘ಹಣದುಬ್ಬರ ಇಳಿಯಿತು’ ಎಂಬ ತಲೆಬರಹ ಓದಿ, ‘ಎಲ್ಲಿ ಇಳಿದಿದೆ, ದೋಸೆಗೆ ಈಗಲೂ ನೂರರ ಮೇಲೆ ಕೊಡುತ್ತಿದ್ದೇನಲ್ಲ’ ಎಂದು ಸಿಟ್ಟಾಗುವವರಿದ್ದಾರೆ. ಸಿಟ್ಟು ನ್ಯಾಯವಾದದ್ದೇ, ಏಕೆಂದರೆ ಬೆಲೆ ಎಲ್ಲೂ ಇಳಿದಿಲ್ಲ. ಇಳಿದದ್ದು ಏರಿಕೆ. ಪತ್ರಿಕೆ ಎರಡನೆಯ ಸಾಲಿನ ಮಾತಾಡುತ್ತಿದೆ, ಜೇಬು ಮೊದಲನೆಯ ಸಾಲಿನದು. (ಹಣದುಬ್ಬರವನ್ನು ಶೇಕಡಾದಲ್ಲಿ ಹೇಳುವುದರಿಂದ ಒಂದು ಭಾಗಾಕಾರ ಸೇರುತ್ತದೆ, ಅಷ್ಟೇ.)

ಚೆಂಡು ತುದಿಯಲ್ಲಿದ್ದಾಗ

ಭೌತವಿಜ್ಞಾನ ಕಲಿಯುವವರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ಪ್ರಶ್ನೆ ಇದು: ಮೇಲಕ್ಕೆ ಎಸೆದ ಚೆಂಡು ತುದಿಯಲ್ಲಿ ಒಂದು ಕ್ಷಣ ನಿಂತಾಗ ಅದರ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಎಷ್ಟು? ಹತ್ತರಲ್ಲಿ ಏಳೆಂಟು ಮಕ್ಕಳು ‘ಸೊನ್ನೆ’ ಎನ್ನುತ್ತಾರೆ. ಸೂತ್ರ ಬರೆದು ತೋರಿಸಿದರೆ ತಲೆಯಾಡಿಸುತ್ತಾರೆ, ಮುಂದಿನ ವಾರ ಮತ್ತೆ ಸೊನ್ನೆ ಎನ್ನುತ್ತಾರೆ. ಕಳೆಯುವ ಲೆಕ್ಕ ಮಾಡಿಸಿದ ಮೇಲೆ ಆ ತಪ್ಪು ಮತ್ತೆ ಬರುವುದನ್ನು ನಾನು ಕಂಡಿಲ್ಲ.

ಚೆಂಡನ್ನು ಸೆಕೆಂಡಿಗೆ 19.6 ಮೀಟರು ವೇಗದಲ್ಲಿ ನೆಟ್ಟಗೆ ಮೇಲಕ್ಕೆ ಎಸೆಯೋಣ. ಗಾಳಿಯ ತಡೆ ಇಲ್ಲವೆಂದು ಬಗೆದು, ಸೆಕೆಂಡಿಗೊಮ್ಮೆ ಎತ್ತರ ಬರೆದುಕೊಂಡರೆ:

ಎತ್ತರ: 0, 14.7, 19.6, 14.7, 0

ಮೊದಲ ವ್ಯತ್ಯಾಸ: 14.7, 4.9, −4.9, −14.7

ಎರಡನೆಯ ವ್ಯತ್ಯಾಸ: −9.8, −9.8, −9.8

ಕೊನೆಯ ಸಾಲಿನ ನಡುವಿನ −9.8 ಇದೆಯಲ್ಲ, ಅದೇ ತುದಿಯ ಜಾಗ. ಚೆಂಡು ಅಲ್ಲಿ ನಿಂತಿತೆಂದು ಗುರುತ್ವಾಕರ್ಷಣೆ ನಿಲ್ಲಲಿಲ್ಲ. ಮೇಲಕ್ಕೆ 4.9 ಇದ್ದದ್ದು ಕೆಳಕ್ಕೆ 4.9 ಆಗಬೇಕಾದರೆ 9.8ರಷ್ಟು ಬದಲಾವಣೆ ಆಗಲೇಬೇಕು. ವೇಗ ಸೊನ್ನೆಯಾಗುವುದೂ ವೇಗ ಬದಲಾಗದಿರುವುದೂ ಒಂದೇ ಅಲ್ಲ.

ಮುಂಬಯಿಯಲ್ಲಿ ಇದನ್ನು ಮೈಮೇಲೆ ಅನುಭವಿಸದವರಿಲ್ಲ. ಫಾಸ್ಟ್ ಲೋಕಲ್ ಮಾಟುಂಗಾ ಸ್ಟೇಶನನ್ನು ನಿಲ್ಲದೆ ದಾಟುವಾಗ ಎಷ್ಟೇ ವೇಗದಲ್ಲಿರಲಿ, ಒಳಗೆ ನಿಂತವರಿಗೆ ನೂಕು ತಾಗುವುದಿಲ್ಲ. ದಾದರಿನಲ್ಲಿ ಗಾಡಿ ನಿಲ್ಲುವಾಗ, ಮತ್ತೆ ಹೊರಡುವಾಗ, ವೇಗ ತೀರ ಕಡಿಮೆ ಇರುವ ಆ ಹೊತ್ತಿಗೇ ಮೈ ಮುಂದಕ್ಕೂ ಹಿಂದಕ್ಕೂ ವಾಲುತ್ತದೆ. ಮೈಗೆ ವೇಗ ತಿಳಿಯದು, ವೇಗದ ವ್ಯತ್ಯಾಸ ಮಾತ್ರ ತಿಳಿಯುತ್ತದೆ.

ಚೆಂಡಿನ ಪಟ್ಟಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ತುದಿಯಲ್ಲಿ ವೇಗ ಎಷ್ಟು ಎಂದು ಪಟ್ಟಿಯನ್ನೇ ಕೇಳಿದರೆ ಮೂರು ಉತ್ತರ ಬರುತ್ತವೆ. ಮುಂದಿನ ಸೆಕೆಂಡನ್ನು ನೋಡಿದರೆ −4.9, ಹಿಂದಿನ ಸೆಕೆಂಡನ್ನು ನೋಡಿದರೆ +4.9. ಹಿಂದೆ ಮುಂದೆ ಎರಡನ್ನೂ ಹಿಡಿದು, ಒಂದನೆಯ ಸೆಕೆಂಡಿನ 14.7ನ್ನು ಮೂರನೆಯ ಸೆಕೆಂಡಿನ 14.7ರಿಂದ ಕಳೆದು ಎರಡರಿಂದ ಭಾಗಿಸಿದರೆ ಸೊನ್ನೆ. ಇವನ್ನು ಮುಂದ್ವ್ಯತ್ಯಾಸ, ಹಿಂದ್ವ್ಯತ್ಯಾಸ, ಮಧ್ಯವ್ಯತ್ಯಾಸ ಎನ್ನಬಹುದು. ಇಲ್ಲಿ ಮಧ್ಯವ್ಯತ್ಯಾಸವೇ ನಿಜಕ್ಕೆ ಸರಿಹೊಂದಿತು. ವರ್ಗದವರೆಗಿನ ಬಹುಪದೋಕ್ತಿಗಳಿಗೆಲ್ಲ ಅದು ಒಂದಿಷ್ಟೂ ತಪ್ಪದೆ ಸರಿಹೊಂದುತ್ತದೆ. ಎರಡೂ ಕಡೆಯ ತಪ್ಪುಗಳು ಒಂದನ್ನೊಂದು ಅಳಿಸಿಹಾಕುವುದೇ ಅದರ ಗುಟ್ಟು.

ಭಾಗಿಸಲು ಮರೆತರೆ

ಈಗ ಅದೇ ಚೆಂಡನ್ನು ಅರ್ಧ ಸೆಕೆಂಡಿಗೊಮ್ಮೆ ಅಳೆಯೋಣ. ಎತ್ತರ 0, 8.575, 14.7, 18.375, 19.6. ಮೊದಲ ವ್ಯತ್ಯಾಸ 8.575, 6.125, 3.675, 1.225. ಎರಡನೆಯ ವ್ಯತ್ಯಾಸ −2.45, −2.45, −2.45. ಗುರುತ್ವಾಕರ್ಷಣೆ ನಾಲ್ಕರಲ್ಲಿ ಒಂದು ಪಾಲಾಯಿತೇ? ಇಲ್ಲ, ಭಾಗಿಸುವುದು ಬಾಕಿಯಿದೆ. ಹೆಜ್ಜೆ ಅರ್ಧ ಸೆಕೆಂಡು, ಎರಡು ಸಲ ಕಳೆದಿದ್ದೇವೆ, ಹಾಗಾಗಿ ಅರ್ಧದ ವರ್ಗವಾದ 0.25ರಿಂದ ಭಾಗಿಸಬೇಕು. 2.45 ಭಾಗಿಸು 0.25 ಎಂದರೆ 9.8. ಮೊದಲ ಪಟ್ಟಿಯಲ್ಲಿ ಹೆಜ್ಜೆ ಒಂದು ಸೆಕೆಂಡಾಗಿದ್ದರಿಂದ ಭಾಗಾಕಾರ ಕಣ್ಣಿಗೆ ಬೀಳದೆ ಅಡಗಿತ್ತು.

ಇಲ್ಲಿಗೆ ಮೂರು ಬೇರೆ ವಸ್ತುಗಳು ಎದುರಿಗೆ ಬಂದವು. ಎರಡು ಅಳತೆಗಳನ್ನು ಕಳೆದರೆ ಬರುವುದು ವ್ಯತ್ಯಾಸ; ಎತ್ತರ ಮೀಟರಿನಲ್ಲಿದ್ದರೆ ಅದೂ ಮೀಟರಿನಲ್ಲಿರುತ್ತದೆ. ಅದನ್ನು ಹೆಜ್ಜೆಯಿಂದ ಭಾಗಿಸಿದರೆ ಬರುವುದು ಆ ಅವಧಿಯ ಸರಾಸರಿ ದರ, ಸೆಕೆಂಡಿಗೆ ಇಷ್ಟು ಮೀಟರು ಎಂದು. ಹೆಜ್ಜೆಯನ್ನು ಕಿರಿದು ಮಾಡುತ್ತ ಹೋದಾಗ ಆ ದರ ಯಾವ ಸಂಖ್ಯೆಯತ್ತ ಸರಿಯುತ್ತದೋ ಅದು ನಿಷ್ಪನ್ನ, ಅಂದರೆ ಕ್ಷಣದ ದರ. ಶಾಲೆಯಲ್ಲಿ ಮೂರನ್ನೂ ‘ಬದಲಾವಣೆ’ ಎಂಬ ಒಂದೇ ಮಾತಿನಿಂದ ಕರೆದುಬಿಡುತ್ತೇವೆ. ಗೊಂದಲಕ್ಕೆ ಬೀಜ ಬೀಳುವುದು ಅಲ್ಲಿಯೇ.

ಮಾತಿನ ತೊಡಕು ನಮ್ಮ ಮುಂಬಯಿ ಮಕ್ಕಳಿಗೆ ಇನ್ನೂ ಒಂದು ಸುತ್ತು ಹೆಚ್ಚು. ಕರ್ನಾಟಕದ ಪಠ್ಯದಲ್ಲಿ ದಿಕ್ಕಿಲ್ಲದ್ದು ಜವ, ದಿಕ್ಕಿರುವುದು ವೇಗ. ಮರಾಠಿ ಪಠ್ಯದಲ್ಲಿ ದಿಕ್ಕಿಲ್ಲದ್ದು ಚಾಲ್, ದಿಕ್ಕಿರುವುದು ವೇಗ, ನಮ್ಮ ವೇಗೋತ್ಕರ್ಷಕ್ಕೆ ಅವರು ತ್ವರಣ ಎನ್ನುತ್ತಾರೆ. ಮನೆಯ ಮಾತಿನಲ್ಲಿ ಮಾತ್ರ ಎಲ್ಲವೂ ‘ಸ್ಪೀಡು’. ನಾನು ಮಕ್ಕಳಿಗೆ ಹೆಸರನ್ನು ಆಮೇಲೆ ಹೇಳುತ್ತೇನೆ. ಮೊದಲು ಕೇಳುವುದು: ಯಾವುದರಿಂದ ಯಾವುದನ್ನು ಕಳೆದೆ? ಯಾವುದರಿಂದ ಭಾಗಿಸಿದೆ?

ಈ ಎರಡು ಪ್ರಶ್ನೆ ಕೇಳಿಕೊಂಡರೆ ದೂರ ಮತ್ತು ಸ್ಥಾನಪಲ್ಲಟದ ಗೊಂದಲವೂ ಕರಗುತ್ತದೆ. ಚೆಂಡಿನ ಮೊದಲ ವ್ಯತ್ಯಾಸಗಳನ್ನು ಚಿಹ್ನೆಸಮೇತ ಕೂಡಿಸಿ: 14.7 + 4.9 − 4.9 − 14.7 = 0. ಇದು ಸ್ಥಾನಪಲ್ಲಟ. ವ್ಯತ್ಯಾಸಗಳನ್ನು ಕೂಡಿಸಿದರೆ ನಡುವಿನದೆಲ್ಲ ಅಳಿದು ಕೊನೆಯದು ಮತ್ತು ಮೊದಲನೆಯದು ಮಾತ್ರ ಉಳಿಯುತ್ತವೆ. ಚಿಹ್ನೆ ಬಿಟ್ಟು ಕೂಡಿಸಿದರೆ 39.2 ಮೀಟರು, ಇದು ಕ್ರಮಿಸಿದ ದೂರ. ಮುಂಬಯಿಯಿಂದ ಪುಣೆಗೆ ರೈಲಿನಲ್ಲಿ 192 ಕಿಲೋಮೀಟರು. ಹೋಗಲು ಮೂರು ಗಂಟೆ, ಮರಳಲು ನಾಲ್ಕು ಗಂಟೆ ಹಿಡಿದರೆ ಹೋಗುವ ಜವ 64, ಮರಳುವ ಜವ 48. ಒಟ್ಟು ಪಯಣದ ಸರಾಸರಿ ಜವ ಇವೆರಡರ ನಡುವಿನ 56 ಅಲ್ಲ. 384 ಕಿಲೋಮೀಟರನ್ನು ಏಳು ಗಂಟೆಯಿಂದ ಭಾಗಿಸಬೇಕು, ಸುಮಾರು 54.9. ಸರಾಸರಿ ವೇಗವೋ ಸೊನ್ನೆ, ಏಕೆಂದರೆ ಹೊರಟಲ್ಲಿಗೇ ಬಂದಿದ್ದೇವೆ.

ವ್ಯತ್ಯಾಸಕ್ಕೆ ತನ್ನದೇ ಗಣಿತವಿದೆ

ವ್ಯತ್ಯಾಸ ಎಂದರೆ ನಿಷ್ಪನ್ನದ ಬಡ ತಮ್ಮ, ನಿಷ್ಪನ್ನ ಸಿಗದಾಗ ಬಳಸುವ ಅಂದಾಜು ಎಂದು ಎಷ್ಟೋ ಪುಸ್ತಕಗಳು ಭಾವನೆ ಹುಟ್ಟಿಸುತ್ತವೆ. ಇದನ್ನು ನಾನು ಒಪ್ಪುವುದಿಲ್ಲ. ವ್ಯತ್ಯಾಸಗಳ ಲೆಕ್ಕ ತನ್ನಷ್ಟಕ್ಕೆ ತಾನೇ ಕರಾರುವಾಕ್ಕಾದದ್ದು.

ವರ್ಗಸಂಖ್ಯೆಗಳನ್ನು ತೆಗೆದುಕೊಳ್ಳಿ: 1, 4, 9, 16, 25. ವ್ಯತ್ಯಾಸ 3, 5, 7, 9, ಬೆಸಸಂಖ್ಯೆಗಳ ಸಾಲು. ಕ ಎಂಬ ಸಂಖ್ಯೆಯ ವರ್ಗಕ್ಕೆ ನಿಷ್ಪನ್ನ 2ಕ. ಆದರೆ ವ್ಯತ್ಯಾಸ 2ಕ + 1. ಮೂರರಿಂದ ನಾಲ್ಕಕ್ಕೆ ಹೋಗುವಾಗ 9 ಹೋಗಿ 16 ಆಗುತ್ತದೆ, ಏರಿಕೆ 7. ಮೂರರಲ್ಲಿ ನಿಷ್ಪನ್ನ 6. ಪರೀಕ್ಷೆಯಲ್ಲಿ ಒಂದರ ಬದಲು ಇನ್ನೊಂದನ್ನು ಬರೆದು ಅಂಕ ಕಳೆದುಕೊಂಡವರನ್ನು ನೋಡಿದ್ದೇನೆ. ಹೆಜ್ಜೆಯನ್ನು ಹ ಎಂದು ಕರೆದರೆ, ಹೆಜ್ಜೆಯಿಂದ ಭಾಗಿಸಿದ ದರ ಸರಿಯಾಗಿ 2ಕ + ಹ. ಹ ಕಿರಿದಾಗುತ್ತ ಹೋದಂತೆ 2ಕ ಕಡೆಗೆ ಸರಿಯುತ್ತದೆ. ಕಲನಶಾಸ್ತ್ರದ ಬಾಗಿಲು ಇದೇ, ಒಂದು ಹ.

ನನಗೆ ಬಹಳ ಪ್ರಿಯವಾದದ್ದು ಇನ್ನೊಂದು. ಕಲನದಲ್ಲಿ ತನ್ನ ನಿಷ್ಪನ್ನ ತಾನೇ ಆಗಿರುವ ಬೆಳವಣಿಗೆಗೆ ಆಧಾರ 2.718 ಎಂದು ಶುರುವಾಗುವ ‘ಇ’ ಎಂಬ ಸಂಖ್ಯೆ. ಅದೆಲ್ಲಿಂದ ಬಂತೋ ಎಂದು ಮಕ್ಕಳು ತಬ್ಬಿಬ್ಬಾಗುತ್ತಾರೆ. ವ್ಯತ್ಯಾಸಗಳ ಲೋಕದಲ್ಲಿ ಆ ಸಿಂಹಾಸನದ ಮೇಲೆ ಕೂತಿರುವುದು ಸಾಮಾನ್ಯ 2. ಬರೆದು ನೋಡಿ: 1, 2, 4, 8, 16. ವ್ಯತ್ಯಾಸ 1, 2, 4, 8. ಅದೇ ಸಾಲು! ವರ್ಷಕ್ಕೊಮ್ಮೆ ಮಾತ್ರ ಬಡ್ಡಿ ಸೇರಿ ಹಣ ಇಮ್ಮಡಿಯಾಗುವ ಲೆಕ್ಕದಲ್ಲಿ ಎರಡು ರಾಜ. ಅದೇ ದರದ ಬಡ್ಡಿ ಕ್ಷಣಕ್ಷಣಕ್ಕೂ ಸೇರುತ್ತ ಹೋದರೆ ಒಂದು ರೂಪಾಯಿ ವರ್ಷದ ಕೊನೆಗೆ ಎರಡರ ಬದಲು 2.718 ರೂಪಾಯಿಯಾಗುತ್ತದೆ.

ಘನಗಳಿಗೆ ಮೂರನೆಯ ವ್ಯತ್ಯಾಸ ಸ್ಥಿರವಾಗಿ 6. ಯಾವುದೇ ಬಹುಪದೋಕ್ತಿಯನ್ನು ಕಳೆಯುತ್ತ ಹೋದರೆ ಒಂದಲ್ಲ ಒಂದು ಸಾಲಿನಲ್ಲಿ ಎಲ್ಲ ಸಂಖ್ಯೆಗಳೂ ಒಂದೇ ಆಗುತ್ತವೆ. ಆಮೇಲೆ ತಿರುಗುಮುರುಗಾಗಿ ಕೂಡಿಸುತ್ತ ಮೇಲೆ ಬಂದರೆ ಪಟ್ಟಿ ಎಷ್ಟು ದೂರ ಬೇಕಾದರೂ ಬೆಳೆಯುತ್ತದೆ, ಗುಣಾಕಾರವೇ ಬೇಡ. ಚಾರ್ಲ್ಸ್ ಬ್ಯಾಬೇಜ್ 1822ರಲ್ಲಿ ಮಾದರಿ ಮಾಡಿ ತೋರಿಸಿದ ಯಂತ್ರದ ಹೆಸರೇ ವ್ಯತ್ಯಾಸ ಯಂತ್ರ. ಹಲ್ಲುಗಾಲಿಗಳಿಗೆ ಕೂಡಿಸುವುದು ಮಾತ್ರ ಗೊತ್ತಿದ್ದರೆ ಸಾಕಿತ್ತು. ಉದಾಹರಣೆಗೆ 41, 43, 47, 53, 61 ಎಂಬ ಸಾಲನ್ನು ಕಳೆದು ನೋಡಿ, ಮೊದಲ ವ್ಯತ್ಯಾಸ 2, 4, 6, 8, ಎರಡನೆಯದು ಎಲ್ಲ ಕಡೆಯೂ 2; ಆ ಎರಡನ್ನು ಕೂಡಿಸುತ್ತ ಹೋದರೆ ಸಾಲು ತಾನಾಗಿ ಮುಂದೆ ಬೆಳೆಯುತ್ತದೆ. ಬ್ಯಾಬೇಜ್ ಬಿಟ್ಟುಹೋದ ಎರಡನೆಯ ವಿನ್ಯಾಸದ ಯಂತ್ರವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯ 1991ರಲ್ಲಿ ಕಟ್ಟಿತು, ಅದು ಸರಿಯಾಗಿ ಲೆಕ್ಕ ಹಾಕಿತು.

ಚಿಹ್ನೆಗಳ ಬಗ್ಗೆ ಎರಡು ಮಾತು ಸಾಕು. ತ್ರಿಕೋನದಂತಿರುವ ಡೆಲ್ಟಾ ವ್ಯತ್ಯಾಸಗಳ ಪುಸ್ತಕದಲ್ಲಿ ಮುಂದ್ವ್ಯತ್ಯಾಸ, ಭೌತವಿಜ್ಞಾನದ ಕೆಲವು ಪುಸ್ತಕಗಳಲ್ಲಿ ಲಾಪ್ಲಾಸನ ಕ್ರಿಯೆ, ವರ್ಗಸಮೀಕರಣದಲ್ಲಿ ಶೋಧಕ. ತಲೆಕೆಳಗಾದ ತ್ರಿಕೋನ ನಾಬ್ಲಾ ಒಂದು ಕಡೆ ಹಿಂದ್ವ್ಯತ್ಯಾಸ, ಇನ್ನೊಂದು ಕಡೆ ಅತಿ ಕಡಿದಾದ ಏರಿನ ದಿಕ್ಕು ಹೇಳುವ ಸದಿಶ. ಪುಸ್ತಕ ಬದಲಾದಾಗ ಮೊದಲ ಅಧ್ಯಾಯದ ಚಿಹ್ನೆಗಳ ಪುಟವನ್ನು ಓದಿಕೊಳ್ಳಿ.

ತಪ್ಪನ್ನು ಬೆರಳಿಟ್ಟು ತೋರಿಸುವ ಸಾಲು

ಆ ದಿನ ಹುಡುಗಿ ವರ್ಗಗಳ ಪಟ್ಟಿ ಬರೆಯುವಾಗ ಅವಸರದಲ್ಲಿ 25ರ ಜಾಗದಲ್ಲಿ 26 ಬರೆದಿದ್ದಳು: 1, 4, 9, 16, 26, 36, 49, 64. ನಾನೂ ಗಮನಿಸಲಿಲ್ಲ. ಮೊದಲ ವ್ಯತ್ಯಾಸ 3, 5, 7, 10, 10, 13, 15 ಬಂತು. ಎರಡನೆಯದು 2, 2, 3, 0, 3, 2. ಎಲ್ಲವೂ ಎರಡಾಗಿರಬೇಕಾದ ಸಾಲಿನಲ್ಲಿ ನಡುವೆ 3, 0, 3 ಎಂಬ ಗುಳಿ. ಇರಬೇಕಾದದ್ದಕ್ಕಿಂತ ಒಂದು ಹೆಚ್ಚು, ಎರಡು ಕಡಿಮೆ, ಒಂದು ಹೆಚ್ಚು. ತಪ್ಪು ಎಲ್ಲಿದೆ, ಎಷ್ಟಿದೆ ಎರಡನ್ನೂ ಆ ಗುಳಿಯೇ ಹೇಳುತ್ತದೆ. ಇನ್ನೊಂದು ಸಾಲು ಇಳಿದರೆ ತಪ್ಪು 1, −3, 3, −1 ಎಂದು ಇನ್ನೂ ಹಿಗ್ಗುತ್ತದೆ. ಕೈಯಲ್ಲೇ ಗಣಿತದ ಕೋಷ್ಟಕ ಸಿದ್ಧಪಡಿಸುತ್ತಿದ್ದ ಕಾಲದಲ್ಲಿ ಅಚ್ಚಿನ ತಪ್ಪು ಹಿಡಿಯಲು ಲೆಕ್ಕಿಗರು ಮಾಡುತ್ತಿದ್ದದ್ದು ಇದನ್ನೇ.

ತಪ್ಪು ಹಿಡಿಯುವಾಗ ಗುಣವಾಗುವ ಈ ಹಿಗ್ಗುವಿಕೆ ಅಳತೆ ಮಾಡುವಾಗ ದೋಷವಾಗುತ್ತದೆ. ‘ಹೆಜ್ಜೆ ಚಿಕ್ಕದಾದಷ್ಟೂ ಉತ್ತರ ಚೆನ್ನ’ ಎಂಬುದು ಕಾಗದದ ಮೇಲೆ ಸತ್ಯ, ಯಂತ್ರದಲ್ಲಿ ಸುಳ್ಳು. ವಾಶಿಯ ಮಾರುಕಟ್ಟೆಗೆ ಬರುವ ಲಾರಿಯನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗುತ್ತಾರೆ. ಒಂದು ನಿಂಬೆಹಣ್ಣನ್ನು ಲಾರಿಯಲ್ಲಿಟ್ಟು ಒಮ್ಮೆ, ತೆಗೆದು ಒಮ್ಮೆ ತೂಗಿ, ಎರಡನ್ನೂ ಕಳೆದು ನಿಂಬೆಹಣ್ಣಿನ ತೂಕ ಹೇಳಲಾದೀತೇ? ಹತ್ತು ಕಿಲೋಗಿಂತ ಕಿರಿದನ್ನು ಆ ಯಂತ್ರ ಕಾಣದು, ಹಾಗಾಗಿ ಉತ್ತರ ಸೊನ್ನೆ. ಕಂಪ್ಯೂಟರು ಸಾಮಾನ್ಯವಾಗಿ ಒಂದು ಸಂಖ್ಯೆಯ 15–16 ಅಂಕಿಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಹೆಜ್ಜೆ ತೀರ ಕಿರಿದಾದರೆ ಕಳೆಯಬೇಕಾದ ಎರಡೂ ಸಂಖ್ಯೆಗಳ ಅಂಕಿಗಳು ಹೆಚ್ಚುಕಡಿಮೆ ಒಂದೇ ಆಗಿ, ಉಳಿಯುವುದು ಕಸ. ಸಾಧಾರಣ ಲೆಕ್ಕಗಳಲ್ಲಿ ಮುಂದ್ವ್ಯತ್ಯಾಸಕ್ಕೆ ಹತ್ತು ಕೋಟಿಯಲ್ಲೊಂದು ಪಾಲಿನ ಸುಮಾರಿನ ಹೆಜ್ಜೆ, ಮಧ್ಯವ್ಯತ್ಯಾಸಕ್ಕೆ ಲಕ್ಷದಲ್ಲೊಂದು ಪಾಲಿನ ಸುಮಾರಿನದು ಒಳ್ಳೆಯದು. ಅದಕ್ಕಿಂತ ಕಿರಿದಾದರೆ ತಪ್ಪು ಕಡಿಮೆಯಾಗುವ ಬದಲು ಏರುತ್ತದೆ.

ಈ ನಿಂಬೆಹಣ್ಣಿನ ತೊಂದರೆ ಒಮ್ಮೆ ಹವಾಮಾನದ ಚರಿತ್ರೆಯಲ್ಲೇ ದೊಡ್ಡದಾಗಿ ಕಾಣಿಸಿಕೊಂಡಿತು. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ವಾತಾವರಣವನ್ನು ಚೌಕಗಳಾಗಿ ವಿಂಗಡಿಸಿ, ವ್ಯತ್ಯಾಸಗಳ ಲೆಕ್ಕದಿಂದಲೇ ಹವೆಯನ್ನು ಮುಂದಾಗಿ ಹೇಳಬಹುದೆಂದು ಹೊರಟ. 1910ರ ಮೇ 20ರ ಅಳತೆಗಳನ್ನು ಹಿಡಿದು, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಸೇವೆಯಲ್ಲಿದ್ದಾಗ ಕೈಯಿಂದಲೇ ಲೆಕ್ಕ ಹಾಕಿದ. ಆರು ಗಂಟೆಯಲ್ಲಿ ಒತ್ತಡ 145 ಹೆಕ್ಟೊಪಾಸ್ಕಲಿನಷ್ಟು ಏರಬೇಕೆಂದು ಉತ್ತರ ಬಂತು. ಅಂದು ಅಲ್ಲಿ ಒತ್ತಡ ಹೆಚ್ಚುಕಡಿಮೆ ಅಲುಗಿರಲಿಲ್ಲ. ಸೋತ ಲೆಕ್ಕವನ್ನು ಮುಚ್ಚಿಡದೆ 1922ರ ತನ್ನ ಪುಸ್ತಕದಲ್ಲಿ ಪೂರ್ತಿ ಪ್ರಕಟಿಸಿದ, ಅದಕ್ಕಾಗಿ ಅವನ ಮೇಲೆ ನನಗೆ ಗೌರವ. ವಿಧಾನ ತಪ್ಪಿರಲಿಲ್ಲ. ಒತ್ತಡದ ಬದಲಾವಣೆ ಎಂಬುದು ಒಳಬರುವ ಗಾಳಿ ಮತ್ತು ಹೊರಹೋಗುವ ಗಾಳಿಯ ನಡುವಿನ ಬಲು ಸಣ್ಣ ವ್ಯತ್ಯಾಸ. ಗಾಳಿಯ ಅಳತೆಯಲ್ಲಿದ್ದ ಪುಟ್ಟ ತಪ್ಪುಗಳು ಆ ಸಣ್ಣ ವ್ಯತ್ಯಾಸವನ್ನು ನುಂಗಿಹಾಕಿದವು. ಲಾರಿ ತೂಗಿ ನಿಂಬೆಹಣ್ಣು ಹುಡುಕಿದಂತಾಯಿತು.

ಇಂದು ಪುಣೆಯ ಪಾಷಾಣದಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ, 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆಯ ಚೌಕಗಳ ಅಂತರ 6 ಕಿಲೋಮೀಟರು. ಹಿಂದೆ ಅದು 12 ಇತ್ತು. ಇಂಥ ಮಾದರಿಗಳೆಲ್ಲ ಬರಿಯ ಕಳೆಯುವ ಲೆಕ್ಕವಲ್ಲ, ಕೆಲವು ಹವೆಯ ಹರವನ್ನು ಅಲೆಗಳಾಗಿ ಒಡೆದು ಲೆಕ್ಕ ಹಾಕುತ್ತವೆ. ಆದರೆ ಕಾಲದಲ್ಲಿ ಮುಂದೆ ಹೋಗುವುದು ಹೆಜ್ಜೆ ಹೆಜ್ಜೆಯಾಗಿಯೇ. ಅಂತರ ಏಕೆ ಮುಖ್ಯವೆಂದು ಮುಂಬಯಿಯವರಿಗೆ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರು ಮಳೆ ಸುರಿಯಿತು, ಅದೇ ನಗರದ ತುದಿಯ ಕೊಲಾಬಾದಲ್ಲಿ ಸುಮಾರು 73. ಎರಡಕ್ಕೂ ನಡುವೆ ಇಪ್ಪತ್ತೈದು ಕಿಲೋಮೀಟರೂ ಇಲ್ಲ. ಅಗಲವಾದ ಚೌಕ ಇವೆರಡನ್ನೂ ಒಂದೇ ಸಂಖ್ಯೆಯಾಗಿ ಕಲಸಿಬಿಡುತ್ತದೆ. ಹಾಗೆಂದು ಅಂತರವನ್ನು ಸುಮ್ಮನೆ ಅರ್ಧ ಮಾಡಲಾಗದು. ಉದ್ದ ಅಗಲ ಎರಡರಲ್ಲೂ ಚೌಕಗಳು ಇಮ್ಮಡಿಯಾಗಿ ಒಟ್ಟು ನಾಲ್ಕರಷ್ಟಾಗುತ್ತವೆ. ಜೊತೆಗೆ ಸರಳ ವಿಧಾನಗಳಲ್ಲಿ ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕು, ಇಲ್ಲದಿದ್ದರೆ ಒಂದು ಹೆಜ್ಜೆಯೊಳಗೆ ಅಲೆ ಚೌಕವನ್ನೇ ಹಾರಿಹೋಗಿ ಲೆಕ್ಕ ಸಿಡಿಯುತ್ತದೆ. ಕೂರಾಂಟ್, ಫ್ರೀಡ್ರಿಕ್ಸ್, ಲೂಯಿ ಎಂಬ ಮೂವರು 1928ರಲ್ಲಿ ಕಂಡುಹಿಡಿದ ನಿಬಂಧನೆ ಇದು. ಅಂತೂ ಕೆಲಸ ಎಂಟು ಪಟ್ಟು.

ಮಖಿ ಭಖಿ ಫಖಿ

ಕ್ಷಣದ ದರಕ್ಕೂ ಅವಧಿಯ ದರಕ್ಕೂ ಇರುವ ಭೇದವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಭಾಸ್ಕರಾಚಾರ್ಯರು 1150ರ ಸಿದ್ಧಾಂತ ಶಿರೋಮಣಿಯಲ್ಲಿ, ಇಂದಿನ ಮತ್ತು ನಾಳಿನ ಸ್ಥಾನಗಳನ್ನು ಕಳೆದು ಸಿಗುವ ಗ್ರಹಗತಿಯನ್ನು ಸ್ಥೂಲವೆಂದೂ ಆ ಹೊತ್ತಿನ ಗತಿಯನ್ನು ತಾತ್ಕಾಲಿಕವೆಂದೂ ಬೇರೆ ಮಾಡುತ್ತಾರೆ. ಚಂದ್ರನ ಗತಿ ಬೇಗ ಬೇಗ ಬದಲಾಗುವುದರಿಂದ ಅಲ್ಲಿ ಈ ಭೇದ ಬಹಳ ಬೇಕಾಗುತ್ತದೆ. ಅವರ ಊರನ್ನು ವಿಜಯಪುರವೆಂದು ನಾವು, ಸಹ್ಯಾದ್ರಿಯ ಆಚೆಬದಿಯೆಂದು ಮರಾಠಿಗರು ವಾದಿಸುತ್ತ ಬಂದಿದ್ದೇವೆ. ಅವರ ಗ್ರಂಥಗಳನ್ನು ಕಲಿಸಲು ಮೊಮ್ಮಗ ಚಾಂಗದೇವ ಮಠ ಕಟ್ಟಿಸಿದ ಶಾಸನವನ್ನು ಚಾಳೀಸಗಾಂವ್ ಬಳಿಯ ಪಾಟಣೆಯಲ್ಲಿ ಬೆಳಕಿಗೆ ತಂದವರು ಗೋವೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ವೈದ್ಯರಾಗಿದ್ದ ಭಾವು ದಾಜಿ ಲಾಡ್.

ಇನ್ನೂ ಹಿಂದಕ್ಕೆ, 499ರ ಆರ್ಯಭಟೀಯಕ್ಕೆ ಹೋದರೆ ಒಂದು ಶ್ಲೋಕ ಹೀಗೆ ಶುರುವಾಗುತ್ತದೆ: ಮಖಿ ಭಖಿ ಫಖಿ ಧಖಿ ಣಖಿ ಞಖಿ ಙಖಿ ಹಸ್ಝ. ಕೇಳಲು ಮಂತ್ರದಂತಿದ್ದರೂ ಇದು ಸಂಖ್ಯೆಗಳ ಸಾಲು. ಕ ಇಂದ ಮ ವರೆಗೆ 1ರಿಂದ 25. ಇಕಾರ ಸೇರಿದರೆ ನೂರರ ಪಟ್ಟು. ಮ ಎಂದರೆ 25, ಖಿ ಎಂದರೆ 200, ಹಾಗಾಗಿ ಮಖಿ 225. ಭಖಿ 224. ಫಖಿ 222. ಇವು ಜ್ಯಾಗಳ (ತ್ರಿಜ್ಯದಿಂದ ಗುಣಿಸಿದ ಸೈನ್ ಬೆಲೆಗಳ) ಕೋಷ್ಟಕ ಎಂದು ಹೇಳುವುದುಂಟು, ಅದು ಸರಿಯಲ್ಲ. ಆರ್ಯಭಟ ಜ್ಯಾಗಳನ್ನು ಹೇಳಲೇ ಇಲ್ಲ, ಜ್ಯಾಗಳ ವ್ಯತ್ಯಾಸಗಳನ್ನು ಹೇಳಿದ. ಕಾಲು ವೃತ್ತವನ್ನು 24 ಪಾಲು ಮಾಡಿ, ಒಂದೊಂದು ಪಾಲಿಗೆ 3.75 ಡಿಗ್ರಿ ಇಟ್ಟು, ತ್ರಿಜ್ಯ 3438 ಎಂದು ಹಿಡಿದು ಬರೆದ 24 ವ್ಯತ್ಯಾಸಗಳು. ಬಾಯಿಪಾಠಕ್ಕೆ ಸಣ್ಣ ಸಂಖ್ಯೆಗಳು ಸಾಕು, ಬೇಕಾದವನು ಕೂಡಿಸಿಕೊಳ್ಳುತ್ತಾನೆ.

ಈ ಸಾಲನ್ನೂ ಒಮ್ಮೆ ಕಳೆಯಿರಿ: ಇಳಿಕೆ 1, 2, 3, 4, 5, 5, 6. ಜ್ಯಾಗಳು ಅನುಕ್ರಮವಾಗಿ 225, 449, 671, 890, 1105, 1315, 1520. ಒಂದೊಂದನ್ನೂ 225ರಿಂದ ಭಾಗಿಸಿದರೆ 1, ಸುಮಾರು 2, ಸುಮಾರು 3, ಸುಮಾರು 4, 4.9, 5.8, 6.8. ವ್ಯತ್ಯಾಸದ ಇಳಿಕೆ ಆ ಜಾಗದ ಜ್ಯಾಕ್ಕೇ ಅನುಪಾತದಲ್ಲಿದೆ. ಜ್ಯಾ ಹೆಚ್ಚಾದಷ್ಟೂ ಅದರ ಏರಿಕೆಗೆ ಬೀಳುವ ಕಡಿವಾಣ ಬಿಗಿಯಾಗುತ್ತದೆ. ಲೋಲಕ ತೂಗುವುದೂ ಸ್ಪ್ರಿಂಗಿಗೆ ಕಟ್ಟಿದ ಭಾರ ಕುಣಿಯುವುದೂ ಇದೇ ನಿಯಮದಿಂದ, ನಡುವಿನಿಂದ ದೂರ ಹೋದಷ್ಟೂ ಹಿಂದಕ್ಕೆ ಎಳೆಯುವ ಬಲ ಜಾಸ್ತಿ. ಸಮುದ್ರದ 1, 2, 3, 3, 2, 1 ಕೂಡ ಇದರದೇ ಒರಟು ನೆರಳು.

ಶ್ಲೋಕದ 24 ಸಂಖ್ಯೆಗಳನ್ನೂ ಬರೆದುಕೊಟ್ಟು ಕೂಡಿಸುತ್ತ ಹೋಗು ಎಂದೆ. ಹೊರಗೆ ಮಳೆ ಹಿಡಿದೇ ಇತ್ತು. ಎಂಟನೆಯ ಸಾಲಿನಲ್ಲಿ 199 ಕೂಡಿಸಿ 1719 ಬರೆದವಳು ತಲೆಯೆತ್ತಿದಳು. “ಮಾವ, ಎಂಟು ಪಾಲು ಎಂದರೆ ಮೂವತ್ತು ಡಿಗ್ರಿ. ಇದು 3438ರ ಸರಿಯಾಗಿ ಅರ್ಧ!” ಮತ್ತೆ ಬಗ್ಗಿ ಬರೆಯತೊಡಗಿದಳು. 51, 37, 22 ಆಯಿತು. ಕೊನೆಗೆ ಉಳಿದದ್ದು 7. ಅಷ್ಟು ಹೊತ್ತಿಗೆ ಮೊತ್ತ 3431 ಆಗಿತ್ತು. ಏಳನ್ನು ಕೂಡಿಸುವ ಮೊದಲೇ ಅವಳಿಗೆ ಉತ್ತರ ಗೊತ್ತಾಗಿತ್ತು, ಆದರೂ ಒಂದೊಂದೇ ಅಂಕಿಯನ್ನು ದುಂಡಗೆ ಬರೆದಳು: 3438.